ಲಜ್ಜೆಯ ಕಥೆ, ಬೆಲೆಯ ಕಥೆ: ಎರಡು ಚಲಚ್ಚಿತ್ರಗಳ ತುಲನೆ

೧

ಮುಟ್ಟಿನ ದಿನಗಳಲ್ಲಿ ಹೆಣ್ಣಿಗೆ ಬೇಕಾಗುವ ಬಟ್ಟೆಯ ಅಥವಾ ಪ್ಯಾಡಿನ ವಿಚಾರವನ್ನು, ಅದರಲ್ಲಿಯೂ ಅದನ್ನು ಕೊಳ್ಳಲು ಕೈಯಲ್ಲಿ ಕಾಸಿಲ್ಲದವರ ವಿಚಾರವನ್ನು, ಸಾಹಿತ್ಯ ವಿಭಾಗವೊಂದರ ಸಂಶೋಧನ ಸಂಚಿಕೆಯಲ್ಲಿ ಎತ್ತುವುದು ಉಚಿತವೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಇದು ವೈದ್ಯರ ವಿಷಯ, ಇಲ್ಲವೆ ಸರ್ಕಾರದ ವಿಷಯ, ಸಾಹಿತ್ಯ ವಿಮರ್ಶಕನಿಗೆ ಇಲ್ಲಿ ಏನು ಕೆಲಸ ಎಂಬ ಆಕ್ಷೇಪವೂ ಬರಬಹುದು. ಈ ಆಕ್ಷೇಪಕ್ಕೆ ನಮ್ಮ ಲಾಕ್ಷಣಿಕರೇ ಉತ್ತರ ಕೊಟ್ಟಿದ್ದಾರೆ. ಮನೋಹರವಾದುದು ಮಾತ್ರವಲ್ಲ, ಹೇಸಿಗೆಯೆಂದು ಜನ ಮುಖ ತಿರುಗಿಸುವ ವಸ್ತುವೂ ಕವಿಯ ಭಾವನೆಗೆ ಒಳಗಾದಾಗ ರಸವಾಗಬಲ್ಲದೆಂಬುದನ್ನು ದಶರೂಪಕಕಾರನಾದ ಧನಂಜಯನು ಒಪ್ಪಿದ್ದಾನೆ. ವಸ್ತು ಕಾವ್ಯಕ್ಕೆ ಒಳಪಟ್ಟಿತೆಂದ ಮೇಲೆ ಅದು ವಿಮರ್ಶೆಗೂ ಒಳಪಟ್ಟಿತೆಂದೇ ಅರ್ಥ.

ಈಚಿನ ವರ್ಷಗಳಲ್ಲಿ ಈ ವಸ್ತು ದೃಶ್ಯಕಾವ್ಯದ ಒಂದು ಪ್ರಕಾರವಾದ ಚಲಚ್ಚಿತ್ರವನ್ನು ಪ್ರವೇಶಿಸಿದೆ. ೨೦೧೮ರ ಫೆಬ್ರವರಿಯಲ್ಲಿ ಬಿಡುಗಡೆಯಾದ, ಆರ್. ಬಾಲ್ಕಿಯವರು ನಿರ್ದೇಶಿಸಿದ ‘ಪ್ಯಾಡ್ ಮ್ಯಾನ್’ ಎಂಬ ಹಿಂದೀ ಚಿತ್ರವನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿದ್ದಾರೆ. ಅದಕ್ಕಿಂತ ಎರಡು ವರ್ಷ ಮುಂಚೆ, ೨೦೧೬ರಲ್ಲಿ, ಇಂಗ್ಲೆಂಡಿನ ಕೆನ್ ಲೋಚ್ ಅವರು ನಿರ್ದೇಶಿಸಿದ ‘ಐ, ಡೇನಿಯಲ್ ಬ್ಲೇಕ್’ ಎಂಬ ಚಿತ್ರ ಬಂದಿತು. ಮೊದಲನೆಯದರಲ್ಲಿ ಪ್ಯಾಡೇ ಕಥೆಯ ತಿರುಳು. ಎರಡನೆಯದರಲ್ಲಿ ಅದು ಬರುವುದು ಎರಡು ಚಿಕ್ಕ ಪ್ರಸಂಗಗಳಲ್ಲಿ ಮಾತ್ರ. ಆದರೂ ಪ್ಯಾಡನ್ನು ಕೊಳ್ಳಲಾರದ ಹೆಣ್ಣಿನ ಸ್ಥಿತಿಯನ್ನು ಎರಡನೆಯ ಚಿತ್ರವೇ ಹೆಚ್ಚು ನಿಚ್ಚಳವಾಗಿ ಕಾಣಿಸಿದೆಯೆಂಬುದು ನಮ್ಮ ಅಭಿಪ್ರಾಯ. ಹಾಗೇಕಾಯಿತು, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨

‘ಪ್ಯಾಡ್ ಮ್ಯಾನ್’ ಚಿತ್ರಕ್ಕೆ ಆಧಾರವಾದುದು ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರ ಜೀವನವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಹೆಚ್ಚು ಓದದ ಈ ಕುಶಲಕರ್ಮಿ ಕಡಮೆ ವೆಚ್ಚದಲ್ಲಿ ಪ್ಯಾಡು ತಯಾರಿಸುವ ಯಂತ್ರವನ್ನು ಕಂಡುಹಿಡಿದು, ೨೦೧೬ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅವರು ತಮ್ಮ ಭಾಷಣಗಳಲ್ಲಿ ಒಂದು ಪ್ರಸಂಗವನ್ನು ಮತ್ತೆ ಮತ್ತೆ ಹೇಳಿದ್ದಾರೆ. ಹೆಂಡತಿ ಹಳೆಯ ಬಟ್ಟೆಯನ್ನು ಬಳಸುತ್ತಿದ್ದುದನ್ನು ಕಂಡು, ಅಂಗಡಿಯ ಪ್ಯಾಡನ್ನು ಏಕೆ ಕೊಳ್ಳಬಾರದೆಂದು ಅವರು ಕೇಳಿದರಂತೆ. ತಾನೂ ಮನೆಯ ಇತರ ಹೆಂಗಸರೂ ಅದನ್ನು ಕೊಳ್ಳತೊಡಗಿದರೆ ಮನೆಯ ಹಾಲಿನ ಖರ್ಚನ್ನು ಕಡಿತ ಮಾಡಬೇಕಾದೀತೆಂದು ಆಕೆ ಹೇಳಿದರಂತೆ. ಅನಂತರ ಅವರು ಪ್ಯಾಡೊಂದನ್ನು ಕೊಂಡು ತಂದು, ಅದರೊಳಗಿನ ವಸ್ತುವಿನ ಬೆಲೆ ಕೆಲವೇ ಪೈಸೆಗಳಾಗಿದ್ದರೂ ಮಾರುವ ಬೆಲೆ ಹಲವು ರೂಪಾಯಿಗಳೇಕೆ ಎಂದು ಯೋಚಿಸಿದರು.

ಹಾಲೋ ಪ್ಯಾಡೋ ಎಂಬ ಈ ಆಯ್ಕೆಯೇ ಇಡೀ ಕಥೆಯ ಬೀಜ. ಇಲ್ಲಿ ಮಾತನಾಡಿದ ಹೆಂಗಸು ಅಜ್ಞಾನಿಯಲ್ಲ. ಪ್ಯಾಡು ಎಂಬುದೊಂದಿದೆಯೆಂದು ಆಕೆಗೆ ಗೊತ್ತು; ಅದರ ಪ್ರಯೋಜನವೂ ಗೊತ್ತು; ಮನೆಯ ಜಮಾಖರ್ಚಂತೂ ಇನ್ನೂ ಚೆನ್ನಾಗಿ ಗೊತ್ತು. ಇದ್ದಷ್ಟು ಹಣದಲ್ಲಿ ಮೊದಲು ಮನೆಯ ಹಾಲು, ಆಮೇಲೆ ತನ್ನ ಅಗತ್ಯ ಎಂದು ಆಕೆ ತೀರ್ಮಾನಿಸಿದ್ದಾಳೆ. ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಪ್ರತಿ ತಿಂಗಳೂ ಬಾಯಿಬಿಟ್ಟು ಹೇಳದೆಯೇ ನಡೆಯುವ ತೀರ್ಮಾನ ಇದು.

ಈಗ ಚಿತ್ರದ ಕಡೆಗೆ ಬರೋಣ. ಕಥೆಯನ್ನು ಕೊಯಮತ್ತೂರಿನಿಂದ ನರ್ಮದಾ ತೀರದ ಮಹೇಶ್ವರಕ್ಕೆ ಸಾಗಿಸಲಾಗಿದೆ; ನಾಯಕ ಲಕ್ಷ್ಮೀಕಾಂತನಾಗಿದ್ದಾನೆ, ಹೆಂಡತಿ ಗಾಯತ್ರಿಯಾಗಿದ್ದಾಳೆ. ಈ ಮಾರ್ಪಾಡು ಆಕ್ಷೇಪಾರ್ಹವಲ್ಲ. ಇತಿವೃತ್ತವನ್ನು ಬೇಕಾದಂತೆ ಮಾರ್ಪಡಿಸಿಕೊಳ್ಳುವ ಅಧಿಕಾರ ಕವಿಗೆ ಎಂದಿಗೂ ಉಂಟು. ಗಾಯತ್ರಿಯೂ ಪ್ಯಾಡಿನ ಬೆಲೆ ಕೇಳಿ ಬೆಚ್ಚಿ, ಹಿಂದಕ್ಕೆ ಕೊಟ್ಟುಬಿಡು ಎನ್ನುತ್ತಾಳೆ. ಹೀಗೆ ಬೀಜ ನೆಲಕ್ಕೆ ಬಿದ್ದಿತೇನೋ ನಿಜ. ಆದರೆ ಅದು ಮೊಳೆಯುವುದಿಲ್ಲ. ಮುಂದಿನ ದೃಶ್ಯಗಳೆಲ್ಲ ಬೆಲೆಯನ್ನು ಬಿಟ್ಟು ಲಜ್ಜೆಯ ಬೆನ್ನು ಹತ್ತುತ್ತವೆ. ಗಂಡಸು ಈ ವಿಷಯಕ್ಕೆ ಕೈಹಾಕಿದನೆಂದು ಮನೆಯವರು ಕುಗ್ಗುತ್ತಾರೆ, ಊರಿನವರು ಹಳಿಯುತ್ತಾರೆ. ತಾನು ಮಾಡಿದ ಪ್ಯಾಡನ್ನು ಪ್ರಾಣಿಯ ರಕ್ತದಿಂದ ಸ್ವತಃ ಪರೀಕ್ಷಿಸಲು ಹೊರಟ ನಾಯಕ ಬಟ್ಟೆಯೆಲ್ಲ ಕಲೆಯಾಗಿ ನದಿಗೆ ಹಾರುತ್ತಾನೆ, ಪಂಚಾಯಿತಿ ಸೇರುತ್ತದೆ, ಹೆಂಡತಿಯನ್ನು ತವರಿನವರು ಕರೆದೊಯ್ಯುತ್ತಾರೆ. ನಾಯಕನು ಊರು ಬಿಟ್ಟು, ಯಂತ್ರವನ್ನು ಸಾಧಿಸಿ, ಪರೀ ಎಂಬ ವಿದ್ಯಾವಂತ ಯುವತಿಯ ನೆರವಿನಿಂದ ಕೀರ್ತಿ ಪಡೆದು, ಕಡೆಗೆ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಸಭೆಯ ಮುಂದೆ ತನ್ನ ಹರಕು ಇಂಗ್ಲಿಷಿನಲ್ಲಿ ಭಾಷಣ ಮಾಡಿ, ಪ್ರಶಸ್ತಿಯೊಂದಿಗೆ ಊರಿಗೆ ಮರಳುತ್ತಾನೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ನಾಯಕನ ಯಂತ್ರದಿಂದ ತಯಾರಾದ ಪ್ಯಾಡನ್ನು ಮೊದಲು ಬಳಸಿ ಮೆಚ್ಚುವವಳು ಪರೀ. ರಾತ್ರಿಯ ಹೊತ್ತು ಆಕೆಗೆ ಪ್ಯಾಡಿನ ಅಗತ್ಯ ಬೀಳುತ್ತದೆ, ಅದು ಸಿಕ್ಕುವುದಿಲ್ಲ. ಆಕೆಗೆ ಆ ಗಳಿಗೆಯಲ್ಲಿ ಇಲ್ಲದಿದ್ದುದು ಅಂಗಡಿಯೇ ಹೊರತು ಹಣವಲ್ಲ. ಯಾರ ಕೊರತೆಯಿಂದ ಕಥೆ ಆರಂಭವಾಯಿತೋ ಆ ಗಾಯತ್ರಿ ತವರಿನಲ್ಲಿ ಕುಳಿತಿರುವಾಗ, ಕೊರತೆಯಿಲ್ಲದವಳೊಬ್ಬಳ ಮೆಚ್ಚುಗೆಯಿಂದ ಆವಿಷ್ಕಾರ ಸಾರ್ಥಕವಾಗುತ್ತದೆ. ಮುಂದೆ ಹಳ್ಳಿಯ ಬಡ ಹೆಂಗಸರು ಚಿತ್ರದೊಳಕ್ಕೆ ಬರುತ್ತಾರೆ, ನಿಜ. ಆದರೆ ಅವರು ಬರುವುದು ಯಂತ್ರದ ಮುಂದೆ ದುಡಿಯುವವರಾಗಿ, ಪ್ಯಾಡನ್ನು ಮಾರುವವರಾಗಿ. ದುಡಿಮೆ ಸಿಕ್ಕಿದ್ದು ಒಳ್ಳೆಯದೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಗ್ಗವಾದ ಆ ಪ್ಯಾಡನ್ನೂ ಕೊಳ್ಳಲಾರದವಳು ಎಲ್ಲಿ ಹೋದಳೆಂಬ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ.

ರಸದೃಷ್ಟಿಯಿಂದ ನೋಡಿದರೆ ಇದರ ಕಾರಣ ಸ್ಪಷ್ಟವಾಗುತ್ತದೆ. ‘ಪ್ಯಾಡ್ ಮ್ಯಾನ್’ ವೀರರಸದ ಕೃತಿ. ಉತ್ಸಾಹ ಅದರ ಸ್ಥಾಯಿ. ನಾಯಕನ ಉತ್ಸಾಹಕ್ಕೆ ಎದುರಾಳಿಯೊಬ್ಬ ಬೇಕು. ಊರಿನ ಲಜ್ಜೆಯನ್ನೇ ಎದುರಾಳಿಯನ್ನಾಗಿ ಮಾಡಿಕೊಂಡಿದ್ದಾರೆ. ಲಜ್ಜೆಯನ್ನು ಗೆಲ್ಲಬಹುದು, ಒಂದು ಭಾಷಣದಲ್ಲಿ, ಒಂದು ಹಾಡಿನಲ್ಲಿ ಅದನ್ನು ಗೆದ್ದಂತೆ ತೋರಿಸಬಹುದು. ಬೆಲೆಯನ್ನು ಹಾಗೆ ಗೆಲ್ಲಲಾಗುವುದಿಲ್ಲ. ಅದು ಮುಂದಿನ ತಿಂಗಳು ಮತ್ತೆ ಬಾಗಿಲಿಗೆ ಬರುತ್ತದೆ. ಆದುದರಿಂದಲೇ ವೀರಕಥೆ ಬೆಲೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿತೆಂದು ತೋರುತ್ತದೆ.

೩

‘ಐ, ಡೇನಿಯಲ್ ಬ್ಲೇಕ್’ ಚಿತ್ರದ ಭೂಮಿಕೆ ಇಂಗ್ಲೆಂಡಿನ ಈಶಾನ್ಯ ಭಾಗದ ನ್ಯೂಕ್ಯಾಸಲ್ ನಗರ. ಪಾಲ್ ಲ್ಯಾವರ್ಟಿಯವರು ಬರೆದ ಈ ಚಿತ್ರಕ್ಕೆ ೨೦೧೬ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯಾದ ‘ಪಾಮ್ ದೋರ್’ ದೊರೆಯಿತು. ಹೃದಯಾಘಾತದಿಂದ ಕೆಲಸ ಬಿಟ್ಟ ಡೇನಿಯಲ್ ಎಂಬ ಬಡಗಿ ಸರ್ಕಾರದ ಸಹಾಯಧನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅಲ್ಲಿ ಅವನಿಗೆ ಕೇಟಿ ಎಂಬ, ಇಬ್ಬರು ಮಕ್ಕಳ ತಾಯಿಯ ಪರಿಚಯವಾಗುತ್ತದೆ. ಲಂಡನ್ನಿನಿಂದ ಈ ಅಪರಿಚಿತ ಊರಿಗೆ ಬಂದ ಆಕೆಯ ಸಹಾಯಧನವೂ ಕಚೇರಿಯ ನಿಯಮಗಳಲ್ಲಿ ಸಿಕ್ಕಿಕೊಂಡಿದೆ.

ಬಡವರಿಗೆ ಉಚಿತವಾಗಿ ದಿನಸಿ ಕೊಡುವ ದಾನಕೇಂದ್ರಕ್ಕೆ ಕೇಟಿ ಬರುತ್ತಾಳೆ. ಮಕ್ಕಳಿಗೆ ಉಣಿಸಿ ತಾನು ಉಪವಾಸವಿದ್ದವಳು ಹಸಿವು ತಡೆಯಲಾರದೆ ಅಲ್ಲಿಯೇ ಡಬ್ಬಿಯೊಂದನ್ನು ಒಡೆದು ಕೈಯಿಂದಲೇ ತಿನ್ನತೊಡಗಿ, ಮರುಕ್ಷಣ ನಾಚಿ ಅಳುತ್ತಾಳೆ. ಚಿತ್ರ ನೋಡಿದವರೆಲ್ಲ ನೆನಪಿಟ್ಟುಕೊಳ್ಳುವ ದೃಶ್ಯವಿದು. ಆದರೆ ಅದೇ ಸಂದರ್ಭದಲ್ಲಿ ಆಕೆ ಮೆಲುದನಿಯಲ್ಲಿ ಪ್ಯಾಡು ಇದೆಯೆ ಎಂದು ಕೇಳುವುದೂ, ಅದು ತಮಗೆ ದಾನವಾಗಿ ಬರುವುದಿಲ್ಲವೆಂದು ಅಲ್ಲಿಯವರು ವಿಷಾದದಿಂದ ಹೇಳುವುದೂ ಅನೇಕರ ಗಮನಕ್ಕೆ ಬಾರದೆ ಹೋಗಬಹುದು. ಅನ್ನವನ್ನು ಕೊಡಬೇಕೆಂದು ದಾನಿಗೆ ತೋಚಿದೆ. ಇದನ್ನು ಕೊಡಬೇಕೆಂದು ತೋಚಿಲ್ಲ. ಅಲ್ಲಿಯವರು ಕೇಟಿಯನ್ನು ಹೀಗಳೆಯುವುದಿಲ್ಲ, ಪ್ರೀತಿಯಿಂದಲೇ ಮಾತನಾಡಿಸುತ್ತಾರೆ. ಆದರೂ ಕೈ ಬರಿದಾಗಿಯೇ ಉಳಿಯುತ್ತದೆ.

ಕೆಲವು ದೃಶ್ಯಗಳ ಅನಂತರ ಕೇಟಿ ಅಂಗಡಿಯಲ್ಲಿ ಸಿಕ್ಕಿಬೀಳುತ್ತಾಳೆ. ಮನೆಗೆ ಬೇಕಾದ ಸಾಮಾನಿಗೆ ಹಣ ಕೊಟ್ಟು, ಪ್ಯಾಡು ಮೊದಲಾದ ಒಂದೆರಡು ವಸ್ತುಗಳನ್ನು ಮರೆಮಾಡಿ ಒಯ್ಯುತ್ತಿದ್ದಾಳೆ. ಅಂಗಡಿಯ ಮೇಲಧಿಕಾರಿ ಅದನ್ನು ನೋಡಿ, ಏನೂ ಆಗಲಿಲ್ಲವೆಂಬಂತೆ ಅವಳನ್ನು ಹೋಗಗೊಡುತ್ತಾನೆ. ಆದರೆ ಅವಳನ್ನು ಹಿಡಿದ ಕಾವಲುಗಾರ ಈ ಗಳಿಗೆಯ ದುರವಸ್ಥೆಯನ್ನು ಕಂಡುಕೊಂಡು, ಸಹಾಯ ಮಾಡುವವನಂತೆ ತನ್ನ ಫೋನ್ ನಂಬರನ್ನು ಕೊಡುತ್ತಾನೆ. ಮುಂದೆ ಕೇಟಿ ಮೈ ಮಾರಿಕೊಳ್ಳುವ ದಾರಿಗೆ ಬೀಳುವುದು ಆ ನಂಬರಿನ ಮೂಲಕ. ಹೀಗೆ ಚಿಕ್ಕದೊಂದು ಕೊರತೆ ಎಲ್ಲಿಗೆ ಮುಟ್ಟಿತೆಂಬುದನ್ನು ನಿರ್ದೇಶಕರು ಒಂದು ಮಾತಿನ ವ್ಯಾಖ್ಯಾನವನ್ನೂ ಸೇರಿಸದೆ ತೋರಿಸಿದ್ದಾರೆ. ಇಲ್ಲಿ ಪವಾಡಪುರುಷನಿಲ್ಲ, ಯಂತ್ರವಿಲ್ಲ, ಭಾಷಣವಿಲ್ಲ.

೪

ಎರಡು ಚಿತ್ರಗಳಲ್ಲಿಯೂ ಲಜ್ಜೆ ಇದೆ. ಆದರೆ ಅದರ ಸ್ಥಾನ ಬೇರೆ ಬೇರೆ. ಇದನ್ನು ತೂಗಿ ನೋಡಲು ಭರತನ ನಾಟ್ಯಶಾಸ್ತ್ರ ನಮಗೆ ನೆರವಾಗುತ್ತದೆ.

ಭರತನು ಎಣಿಸುವ ೩೩ ವ್ಯಭಿಚಾರಿಭಾವಗಳಲ್ಲಿ ವ್ರೀಡೆ, ಎಂದರೆ ಲಜ್ಜೆ, ಒಂದು. ಅದು ಸ್ಥಾಯಿಯಲ್ಲ, ಬಂದು ಹೋಗುವ ಭಾವ, ಬೇರೊಂದನ್ನು ಆಶ್ರಯಿಸಿ ನಿಲ್ಲುವ ಭಾವ. ಅದಕ್ಕೆ ವಿಭಾವವಾಗಿ ಆತ ಮೊದಲು ಹೇಳುವುದು ಮಾಡಬಾರದ್ದನ್ನು ಮಾಡುವುದನ್ನು. ಅದೇ ೩೩ರಲ್ಲಿ ದೈನ್ಯವೂ ಒಂದು. ದುರ್ಗತಿ, ಎಂದರೆ ಬಡತನದ ಕೆಟ್ಟ ಸ್ಥಿತಿ, ಅದರ ವಿಭಾವ.

ಈ ಅಳತೆಯಿಂದ ನೋಡಿದರೆ ಗಾಯತ್ರಿಯ ಲಜ್ಜೆಗೆ ವಿಭಾವವೇ ಇಲ್ಲ. ಆಕೆ ಮಾಡಬಾರದ್ದೇನನ್ನೂ ಮಾಡಿಲ್ಲ. ದೇಹದ ಸಹಜವಾದ ಧರ್ಮವನ್ನು ಅಕಾರ್ಯವೆಂದು ಆಚಾರ ಆಕೆಗೆ ಕಲಿಸಿದೆ, ಅಷ್ಟೆ. ಇದನ್ನು ತೋರಿಸಿಕೊಟ್ಟದ್ದು ‘ಪ್ಯಾಡ್ ಮ್ಯಾನ್’ ಚಿತ್ರದ ಹಿರಿಮೆ, ಅದನ್ನು ಒಪ್ಪಲೇಬೇಕು. ಪಾಕಿಸ್ತಾನದಲ್ಲಿ ಈ ಚಿತ್ರದ ಪ್ರದರ್ಶನಕ್ಕೆ ಒಪ್ಪಿಗೆ ದೊರೆಯಲಿಲ್ಲವೆಂಬುದನ್ನು ನೆನೆದರೆ ಆ ಲಜ್ಜೆಯ ಬಲ ಎಷ್ಟೆಂಬುದು ತಿಳಿಯುತ್ತದೆ. ಅಷ್ಟು ದೂರ ಏಕೆ? ‘ಹೊರಗಾಗಿದ್ದಾಳೆ’, ‘ಕಾಗೆ ಮುಟ್ಟಿದೆ’ ಎಂದು ಸುತ್ತಿ ಬಳಸಿ ಹೇಳುವ ಮಾತುಗಳು ನಮ್ಮ ಮನೆಗಳಲ್ಲಿಯೇ ಇವೆ. ಪ್ಯಾಡಿನ ಪೊಟ್ಟಣವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಯೇ ಕೊಡುವ ಅಂಗಡಿಗಳು ನಮ್ಮ ಬೀದಿಗಳಲ್ಲಿಯೇ ಇವೆ.

ಕೇಟಿಯ ಲಜ್ಜೆ ಇದಕ್ಕಿಂತ ಬೇರೆ. ಆಕೆ ಇರುವ ಊರಿನಲ್ಲಿ ಮುಟ್ಟನ್ನು ಮೈಲಿಗೆಯೆಂದು ಹೊರಗೆ ಕೂರಿಸುವವರಿಲ್ಲ. ಪ್ಯಾಡು ಅಂಗಡಿಯ ಕಪಾಟಿನಲ್ಲಿ ಎಲ್ಲರ ಕಣ್ಣೆದುರಿಗೇ ಇದೆ. ಆಕೆ ಲಜ್ಜಿತಳಾದುದು ಕದ್ದುದಕ್ಕಾಗಿ, ಕೈಯೊಡ್ಡಿ ಬೇಡಬೇಕಾಗಿ ಬಂದುದಕ್ಕಾಗಿ. ಎಂದರೆ ಮೊದಲು ದುರ್ಗತಿ, ಅದರಿಂದ ದೈನ್ಯ, ಅದರಿಂದ ಅಕಾರ್ಯ, ಅದರಿಂದ ಲಜ್ಜೆ. ಈ ಕ್ರಮ ಮುಖ್ಯವಾದುದು. ಮುಟ್ಟಿನ ಬಗೆಗಿನ ಲಜ್ಜೆ ಅಳಿದರೆ ಕೊರತೆಯೂ ಅಳಿಯುತ್ತದೆಂದು ಮೊದಲನೆಯ ಚಿತ್ರ ನಮ್ಮನ್ನು ನಂಬಿಸುತ್ತದೆ. ಆ ಲಜ್ಜೆ ಬಹುಮಟ್ಟಿಗೆ ಸಡಿಲವಾದ ದೇಶದಲ್ಲಿಯೂ ಕೊರತೆ ಹೇಗೆ ಉಳಿದಿದೆ, ಉಳಿದು ಹೊಸದೊಂದು ಲಜ್ಜೆಯನ್ನು ಹೇಗೆ ಹುಟ್ಟಿಸುತ್ತದೆ ಎಂಬುದನ್ನು ಎರಡನೆಯದು ಕಾಣಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಭಾರತದ ಹಳ್ಳಿಯೇ ಬೇರೆ, ಇಂಗ್ಲೆಂಡಿನ ನಗರವೇ ಬೇರೆ. ನಮ್ಮಲ್ಲಿ ಲಜ್ಜೆಯೇ ಮೊದಲ ಶತ್ರುವಾಗಿರುವಾಗ ‘ಪ್ಯಾಡ್ ಮ್ಯಾನ್’ ಅದನ್ನು ಎದುರಿಸಿದ್ದು ಸರಿಯಲ್ಲವೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಅಂಗಡಿಗೆ ಹೋಗುವವನೂ ಹಣ ಹಿಡಿದವನೂ ಗಂಡಸೇ ಆದ ಮನೆಯಲ್ಲಿ ಬಾಯಿಬಿಟ್ಟು ಕೇಳಲಾರದವಳಿಗೆ, ಹಣವಿದ್ದರೂ ವಸ್ತು ದೊರೆಯುವುದಿಲ್ಲ. ಆದರೆ ಅಂಕಿಅಂಶಗಳನ್ನು ನೋಡಿದರೆ ಲಜ್ಜೆಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದೆಂದು ತಿಳಿಯುತ್ತದೆ. ೨೦೧೯–೨೧ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೨೪ ವರ್ಷ ವಯಸ್ಸಿನ ಹೆಂಗಸರ ಪೈಕಿ ಸುಮಾರು ಅರ್ಧದಷ್ಟು ಮಂದಿ ತಾವು ಬಟ್ಟೆಯನ್ನು ಬಳಸುವುದಾಗಿ ಹೇಳಿದ್ದಾರೆ. ಪ್ಯಾಡು ಮೊದಲಾದ, ಸಮೀಕ್ಷೆಯು ನೈರ್ಮಲ್ಯವೆಂದು ಎಣಿಸುವ ಸಾಧನಗಳನ್ನು ಬಳಸುವವರು ಅತ್ಯಂತ ಸಿರಿವಂತ ಐದನೆಯ ಒಂದು ಭಾಗದಲ್ಲಿ ಶೇಕಡ ೯೫ರಷ್ಟಿದ್ದರೆ, ಅತ್ಯಂತ ಬಡ ಐದನೆಯ ಒಂದು ಭಾಗದಲ್ಲಿ ಶೇಕಡ ೫೪ರಷ್ಟು ಮಾತ್ರ. ಶಿಕ್ಷಣದ ವ್ಯತ್ಯಾಸವೂ ಇದರಲ್ಲಿ ಸೇರಿದೆಯೆಂಬುದು ದಿಟ. ಆದರೂ ಸಿರಿವಂತರ ಮನೆಗಳಲ್ಲಿ ಮುಟ್ಟಿನ ಆಚಾರಗಳು ಪೂರ್ತಿ ಅಳಿದಿವೆಯೆಂದು ಯಾರೂ ಹೇಳಲಾರರು. ಹೊರಗೆ ಕೂರುವ ಮನೆಯ ಮಗಳ ಚೀಲದಲ್ಲಿಯೂ ಪ್ಯಾಡು ಇದ್ದೀತು. ಲಜ್ಜೆ ಇದ್ದೂ ವಸ್ತು ದೊರೆಯಬಹುದು, ಹಣವಿಲ್ಲದೆ ದೊರೆಯದು.

೫

ಕೃತಿಗಳು ಹೇಳಿದ ಕಥೆ ಕೃತಿಗಳಲ್ಲಿಯೇ ನಿಲ್ಲುವುದಿಲ್ಲ. ಜನರ ಆಲೋಚನೆಗೂ ಆಳುವವರ ಯೋಜನೆಗೂ ಇಳಿಯುತ್ತದೆ. ಸಮಸ್ಯೆ ಲಜ್ಜೆಯದೆಂದರೆ ಪರಿಹಾರ ಉಪದೇಶ. ಸಮಸ್ಯೆ ಬೆಲೆಯದೆಂದರೆ ಪರಿಹಾರ ಸರಬರಾಜು.

ನಮ್ಮ ದೇಶದಲ್ಲಿ ಎರಡನೆಯ ದಾರಿಯಲ್ಲಿಯೂ ಕೆಲವು ಹೆಜ್ಜೆಗಳನ್ನು ಇಟ್ಟಿದ್ದಾರೆ. ೨೦೧೧ರಲ್ಲಿ ಕೇಂದ್ರ ಸರ್ಕಾರ ೧೦೭ ಜಿಲ್ಲೆಗಳಲ್ಲಿ ಆರು ಪ್ಯಾಡುಗಳ ಪೊಟ್ಟಣವನ್ನು ಆರು ರೂಪಾಯಿಗೆ ಹಳ್ಳಿಯ ಹುಡುಗಿಯರಿಗೆ ಕೊಡಲು ಆರಂಭಿಸಿತು. ೨೦೧೯ರಲ್ಲಿ ಜನೌಷಧಿ ಅಂಗಡಿಗಳಲ್ಲಿ ಪ್ಯಾಡಿನ ಬೆಲೆ ಒಂದು ರೂಪಾಯಿಗೆ ಇಳಿಯಿತು. ‘ಪ್ಯಾಡ್ ಮ್ಯಾನ್’ ಬಿಡುಗಡೆಯಾದಾಗ ಪ್ಯಾಡಿನ ಮೇಲೆ ಶೇಕಡ ೧೨ರ ತೆರಿಗೆಯಿತ್ತು. ಅದೇ ವರ್ಷದ ಜುಲೈಯಲ್ಲಿ ಅದನ್ನು ತೆಗೆದುಹಾಕಿದರು. ಕರ್ನಾಟಕದಲ್ಲಿ ೨೦೧೩–೧೪ರಲ್ಲಿ ‘ಶುಚಿ’ ಯೋಜನೆ ಆರಂಭವಾಗಿ, ೧೦ರಿಂದ ೧೯ ವರ್ಷದ ಶಾಲಾ ಬಾಲಕಿಯರಿಗೆ ಪ್ಯಾಡುಗಳನ್ನು ಉಚಿತವಾಗಿ ಹಂಚತೊಡಗಿದರು. ಕೊರೋನಾ ಕಾಲದಿಂದ ಅದು ಕೆಲವು ವರ್ಷ ನಿಂತುಹೋಗಿ, ೨೦೨೪ರಲ್ಲಿ ಮತ್ತೆ ಆರಂಭವಾಯಿತು.

ಈ ‘ಶುಚಿ’ ಎಂಬ ಹೆಸರನ್ನು ಭಾಷೆಯ ಅಧ್ಯಾಪಕರಾದ ನಾವು ಗಮನಿಸದೆ ಬಿಡಬಾರದು. ಶುಚಿಯನ್ನು ಕೊಡುತ್ತೇವೆಂದರೆ ಪಡೆಯುವವಳು ಅಶುಚಿಯೆಂಬ ಧ್ವನಿ ಹೇಳದೆಯೇ ಹೊಮ್ಮುತ್ತದೆ. ಯೋಜನೆಯನ್ನು ರೂಪಿಸಿದವರ ಉದ್ದೇಶ ಆರೋಗ್ಯವೆಂಬುದರಲ್ಲಿ ಸಂದೇಹವಿಲ್ಲ; ಆದರೆ ಧ್ವನಿಯು ವಕ್ತೃವಿನ ಉದ್ದೇಶವನ್ನು ಕಾದು ಕುಳಿತಿರುವುದಿಲ್ಲ. ಹಾಗಿದ್ದರೂ ಹೆಸರಿಗಿಂತ ಮುಖ್ಯವಾದುದು ವಿತರಣೆ ನಿಂತ ಆ ವರ್ಷಗಳು. ಆಗ ಹುಡುಗಿಯರ ಲಜ್ಜೆ ಹೆಚ್ಚಲೂ ಇಲ್ಲ, ಕಡಮೆಯಾಗಲೂ ಇಲ್ಲ. ನಿಂತದ್ದು ಪ್ಯಾಡು. ಅದನ್ನು ನೆಚ್ಚಿದ್ದ ಮನೆಗಳಲ್ಲಿ ಮತ್ತೆ ಹಾಲಿನ ಲೆಕ್ಕ ಆರಂಭವಾಗಿರಬೇಕು.

ಇದಕ್ಕೆ ಹೋಲಿಸಿ ನೋಡಲು ಇಂಗ್ಲೆಂಡಿನ ನೆರೆಯ ಸ್ಕಾಟ್‌ಲೆಂಡಿನ ಉದಾಹರಣೆಯೊಂದಿದೆ. ೨೦೨೦ರ ನವೆಂಬರಿನಲ್ಲಿ ಅಲ್ಲಿನ ಸಂಸತ್ತು ಒಮ್ಮತದಿಂದ ಅಂಗೀಕರಿಸಿದ ಕಾನೂನು ೨೦೨೨ರ ಆಗಸ್ಟ್ ೧೫ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಬೇಕಾದವರಿಗೆಲ್ಲ ಇವು ಉಚಿತವಾಗಿ, ಸುಲಭವಾಗಿ, ಗೌರವಕ್ಕೆ ಕುಂದಿಲ್ಲದಂತೆ ದೊರೆಯುವ ಏರ್ಪಾಟನ್ನು ಸ್ಥಳೀಯಾಡಳಿತಗಳೂ ಶಾಲಾಕಾಲೇಜುಗಳೂ ಮಾಡಬೇಕೆಂದು ಅದು ವಿಧಿಸುತ್ತದೆ. ಪಡೆಯುವವಳು ತನ್ನ ಬಡತನವನ್ನು ರುಜುವಾತುಪಡಿಸಬೇಕಾಗಿಲ್ಲ. ಕೇಟಿಯ ಲಜ್ಜೆ ಹುಟ್ಟಿದ್ದು ಬೇಡಬೇಕಾದುದರಿಂದ ಎಂಬುದನ್ನು ನೆನೆದರೆ ಈ ವಿಧಿಯ ಔಚಿತ್ಯ ತಿಳಿಯುತ್ತದೆ. ಹೀಗೆ ಬೆಲೆಯನ್ನು ನೀಗಿದಾಗ ಬೇಡುವ ಲಜ್ಜೆಯೂ ನೀಗುತ್ತದೆ. ಮುಟ್ಟಿನ ಲಜ್ಜೆಯೊಂದನ್ನು ನೀಗಿದ ಮಾತ್ರಕ್ಕೆ ಬೆಲೆ ನೀಗುವುದಿಲ್ಲ.

೬

‘ಪ್ಯಾಡ್ ಮ್ಯಾನ್’ ಕೆಟ್ಟ ಚಿತ್ರವೆಂಬುದು ನಮ್ಮ ತೀರ್ಮಾನವಲ್ಲ. ಸಾವಿರಾರು ಜನ ಗಂಡಸರೂ ಹೆಂಗಸರೂ ಒಟ್ಟಿಗೆ ಕುಳಿತು ಆಡದ ಮಾತನ್ನು ಕೇಳುವಂತೆ ಅದು ಮಾಡಿತು. ಆದರೆ ತನ್ನ ಮೂಲದಲ್ಲಿದ್ದ ಗಟ್ಟಿಯಾದ ಸತ್ಯವನ್ನು, ಹಾಲಿನ ಖರ್ಚಿನ ಲೆಕ್ಕ ಹಾಕಿದ ಹೆಂಗಸಿನ ವಿವೇಕವನ್ನು, ಅದು ನಾಯಕನ ಕೀರ್ತಿಗಾಗಿ ಬಿಟ್ಟುಕೊಟ್ಟಿತು. ಆ ವಿವೇಕಕ್ಕೆ ಸಲ್ಲಬೇಕಾದ ಗೌರವ ಹೆಸರೂ ಕೇಳದ ದೂರದ ಊರಿನ ಕೇಟಿಯ ಕಥೆಯಲ್ಲಿ ಸಂದಿತು. ಲಜ್ಜೆಯ ಕಥೆಯನ್ನು ನಮ್ಮವರು ಹೇಳಿಯಾಯಿತು. ಬೆಲೆಯ ಕಥೆಯನ್ನು, ನಾಯಕನ ಕಡೆಯಿಂದಲ್ಲದೆ ಗಾಯತ್ರಿಯ ಕಡೆಯಿಂದ, ಕನ್ನಡದಲ್ಲಿ ಬರೆಯುವವರು ಬರಬೇಕಾಗಿದೆ.

ಕೊನೆಯದಾಗಿ ನಮ್ಮ ವೃತ್ತಿಗೆ ಸಂಬಂಧಿಸಿದ ಮಾತೊಂದುಂಟು. ಪದವಿ ತರಗತಿಗಳ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ‘ಶುಚಿ’ ಯೋಜನೆಯ ವಯಸ್ಸಿನ ಮಿತಿಯನ್ನು ದಾಟಿದವರು, ಇಲ್ಲವೆ ದಾಟುತ್ತಿರುವವರು. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಸಂಜೆ ಮನೆ ಸೇರುವವರು ಅವರಲ್ಲಿ ಎಷ್ಟೋ ಜನ. ಹಾಜರಿ ಪುಸ್ತಕದಲ್ಲಿ ತಿಂಗಳಿಗೆ ಎರಡು ಮೂರು ದಿನ ಒಬ್ಬಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬಿದ್ದಾಗ, ಆಕೆಗೆ ಸಂಕೋಚವೆಂದು ನಾವು ಊಹಿಸಿ ಸುಮ್ಮನಾಗುತ್ತೇವೆ. ಸಂಕೋಚವೇ ಇರಬಹುದು. ಆದರೆ ಅದು ಗಾಯತ್ರಿಯ ಸಂಕೋಚವೋ ಕೇಟಿಯ ಸಂಕೋಚವೋ ಎಂದು ಕೇಳಿಕೊಳ್ಳುವುದನ್ನು ಈ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದ ಮೇಲೆ ನಾವು ಕಲಿತರೆ, ವಿಮರ್ಶೆಯಿಂದ ಅಷ್ಟು ಪ್ರಯೋಜನವಾದರೂ ಆದಂತಾಯಿತು.